ದೊಣ್ಣೆ ಮೆಣಸಿನಕಾಯಿ ಜಾಸ್ತಿ ದಿನ ಬಾಳಬೇಕಾದರೆ ಯಾವ ಗೊಬ್ಬರ?

ಗದಗ ಹತ್ತಿರದ ಎರಿ ಹೊಲದಲ್ಲಿ ದೊಣ್ಣೆ ಮೆಣಸಿನಕಾಯಿ ಹಾಕುತ್ತಿದ್ದೀರಿ, ಬರೀ ತಿಪ್ಪೆ ಗೊಬ್ಬರದಲ್ಲಿ ಬೆಳೆದರೆ ಕಾಯಿ ಜಾಸ್ತಿ ದಿನ ಕೆಡದೆ ಇರುತ್ತಾ ಅಂತ ಕೇಳಿದ್ದೀರಿ. ನಾನು ಧಾರವಾಡದ ಕಡೆ ಇದನ್ನೇ ಬೆಳೆಯುತ್ತೇನೆ. ನೇರವಾಗಿ ಹೇಳುತ್ತೇನೆ: ಕಾಯಿ ಬೇಗ ಮೆತ್ತಗಾಗೋದು ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ ಹಾಕಿದ್ದಕ್ಕಲ್ಲ, ಸಾರಜನಕ ಅತಿಯಾಗಿದ್ದಕ್ಕೆ. ಯೂರಿಯಾದಲ್ಲಿ ಅದು ಶೇ. 46, ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5ರ ಆಸುಪಾಸು, ಹಾಗಾಗಿ ಯೂರಿಯಾ ಕೈ ಮೀರೋದು ಬಹಳ ಸುಲಭ. ಗಿಡ ಸೊಕ್ಕಿ ಕಡುಹಸಿರಾಗುತ್ತದೆ, ನೋಡೋರಿಗೆ ಖುಷಿ, ಆದರೆ ಹೂ ಉದುರುತ್ತದೆ, ಕಾಯಿಯೂ ಗಟ್ಟಿ ಬರೋದಿಲ್ಲ. ಕೋಳಿ ಗೊಬ್ಬರ ಸಿಕ್ಕಾಪಟ್ಟೆ ಸುರಿದರೂ ಇದೇ ಗತಿ. ಅದೂ ಸಾವಯವವೇ ಅಲ್ವಾ?

ಹಾಗಂತ ಬರೀ ತಿಪ್ಪೆ ಗೊಬ್ಬರ ನೆಚ್ಚಿಕೊಂಡರೆ ಕಾಯಿ ತುಂಬುವ ಹೊತ್ತಿಗೆ ಗಿಡ ಸೊರಗುತ್ತದೆ. ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಬೇವಿನ ಹಿಂಡಿ ನಾಟಿಗೆ ಮೊದಲೇ ಹಾಕಿ. ಹಸಿ ಗೊಬ್ಬರ ಮಾತ್ರ ಬೇಡ, ಗೊಣ್ಣೆ ಹುಳು ಬರುತ್ತದೆ. ಕಾಯಿ ಕಚ್ಚಿದ ಮೇಲೆ ಡ್ರಿಪ್‌ನಲ್ಲಿ ಸ್ವಲ್ಪ ಸ್ವಲ್ಪ ಪೊಟ್ಯಾಶ್ ಕೊಡಿ. ಎಷ್ಟು ಅನ್ನೋದನ್ನ ಮಣ್ಣು ಪರೀಕ್ಷೆ ನೋಡಿ ತೀರ್ಮಾನಿಸಿ, ಪಕ್ಕದ ಹೊಲದವರ ಲೆಕ್ಕ ನಿಮ್ಮ ಮಣ್ಣಿಗೆ ಆಗೋದಿಲ್ಲ.

ಇನ್ನೊಂದು, ಕಾಯಿಯ ತುದಿಯಲ್ಲಿ ಮೊದಲು ನೀರು ತುಂಬಿದಂಥ ಕಲೆ ಕಾಣುತ್ತದೆ, ಆಮೇಲೆ ಅದು ಒಣಗಿ ಕಾಗದದಂತೆ ಕಂದಾಗುತ್ತದೆ, ಅದರ ಮೇಲೆ ಕಪ್ಪು ಬೂಸ್ಟು ಕೂರುತ್ತದೆ. ಬೂಸ್ಟು ನೋಡಿ ರೋಗ ಅಂತ ಔಷಧಿ ಹೊಡೆಯೋರು ಬಹಳ ಜನ. ಅಸಲಿಗೆ ಅದು ಕಾಯಿಗೆ ಕ್ಯಾಲ್ಸಿಯಂ ಮುಟ್ಟದೇ ಇರೋದು. ನಮ್ಮ ಎರಿ ಮಣ್ಣಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಮ್ಮಿ ಇರೋದಿಲ್ಲ, ಆದರೆ ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ತುಂಬಿಸಿದರೆ ಬೇರಿಗೆ ಅದನ್ನ ಎಳೆದುಕೊಳ್ಳೋಕೆ ಆಗೋದಿಲ್ಲ. ಯೂರಿಯಾ, ಅಮೋನಿಯಂ ಜಾಸ್ತಿಯಾದರೆ ಇನ್ನೂ ಕಷ್ಟ. ನೀರು ಹದವಾಗಿ, ದಿನಾ ಒಂದೇ ಸಮ ಕೊಡಿ.

ಕಟಾವು ಬೆಳಗ್ಗೆ ತಂಪಲ್ಲಿ, ಕತ್ತರಿಯಿಂದ, ತೊಟ್ಟು ಸಮೇತ. ಕಿತ್ತೆಳೆದರೆ ತೊಟ್ಟಿನ ಬುಡದಿಂದಲೇ ಕೊಳೆ ಶುರು. ತೊಳೆದು ಒದ್ದೆ ಕಾಯಿ ತುಂಬಬೇಡಿ. 7ರಿಂದ 10 ಡಿಗ್ರಿಯಲ್ಲಿ, ಸುತ್ತಲ ಗಾಳಿಯ ತೇವ ಆರದಂತೆ ಇಟ್ಟರೆ ಎರಡು ಮೂರು ವಾರ ಬಾಳುತ್ತದೆ. ಅದಕ್ಕಿಂತ ತಣ್ಣಗಾದರೆ ಸಿಪ್ಪೆ ಮೇಲೆ ಸಣ್ಣ ಗುಳಿ ಬೀಳುತ್ತವೆ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದಾದರೆ ಎಷ್ಟು ಡಿಗ್ರಿಗೆ ಇಟ್ಟಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.