ಕಬಡ್ಡಿ, ವಾಲಿಬಾಲ್, ಜೊತೆಗೆ ಕ್ರೀಡಾ ಕಾರ್ಯದರ್ಶಿ: ತಂಗಿ ಯಾವುದನ್ನು ಬಿಡಬೇಕು?

ಕಾರವಾರದಲ್ಲಿ ಡಿಗ್ರಿ ಓದುವ ನಿಮ್ಮ ತಂಗಿ ಕಾಲೇಜಿನ ಎರಡೂ ತಂಡದಲ್ಲಿದ್ದಾಳೆ, ಈ ವರ್ಷ ಕ್ರೀಡಾ ಕಾರ್ಯದರ್ಶಿಯೂ ಆಗಿದ್ದಾಳೆ, ಒಂದನ್ನು ಬಿಡು ಎನ್ನಲೇ ಎಂದು ಕೇಳಿದ್ದೀರಿ. ಈಗಲೇ ಏನನ್ನೂ ಬಿಡಿಸಬೇಡಿ. ನಾನು ಅಂಕೋಲೆಯವಳು, ಕಾಲೇಜಿನಲ್ಲಿ ಈ ಮೂರನ್ನೂ ಮಾಡಿದವಳು.

ಮೊದಲು ಅವಳು ಎಲ್ಲಿ ನಿಂತು ಆಡುತ್ತಾಳೆ ಕೇಳಿ. ಕಬಡ್ಡಿಯಲ್ಲಿ ಎದುರಾಳಿ ಅಂಗಳಕ್ಕೆ ನುಗ್ಗುವ ರೈಡರ್, ವಾಲಿಬಾಲಿನಲ್ಲಿ ಜಿಗಿದು ಚೆಂಡು ಹೊಡೆಯುವ ಸ್ಮ್ಯಾಶರ್ ಆಗಿದ್ದರೆ ಒಳ್ಳೆಯದೇ. 30 ಸೆಕೆಂಡಿನ ರೈಡಿಗೆ ಬೇಕಾದ ಕಾಲಿನ ಚುರುಕು ನೆಟ್ ಹತ್ತಿರ ಜಿಗಿಯುವಾಗಲೂ ಕೆಲಸಕ್ಕೆ ಬರುತ್ತದೆ. ಆದರೆ ಕಬಡ್ಡಿಯಲ್ಲಿ ಅಂಚಿನಲ್ಲಿ ನಿಂತು ರೈಡರ್ ಹಿಡಿಯುವ ಕಾರ್ನರ್, ವಾಲಿಬಾಲಿನಲ್ಲಿ ಸ್ಮ್ಯಾಶರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಆಗಿದ್ದರೆ ಹುಷಾರು. ಓಡುವವಳ ಕಾಲು ಹಿಡಿಯುವಾಗ ಬೆರಳು ಉಳುಕುವುದು ಮಾಮೂಲು. ಸೆಟ್ಟರಿಗೆ ಬೆರಳೇ ಬಂಡವಾಳ ಅಲ್ವಾ? ಊದಿದ ಬೆರಳಿನಿಂದ ಚೆಂಡು ನೆಟ್ಟಗೆ ಏಳುವುದಿಲ್ಲ.

ಬೆರಳಿಗಿಂತ ನನಗೆ ಮೊಣಕಾಲಿನ ಚಿಂತೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮೈದಾನವೆಲ್ಲ ಕೆಸರು. ಆಗ ಹುಡುಗಿಯರು ಸಿಮೆಂಟ್ ನೆಲದ ಮೇಲೆ ಜಿಗಿಯುತ್ತಾರೆ. ಎರಡು ಆಟದ ಪೆಟ್ಟೂ ಅದೇ ಮೊಣಕಾಲಿಗೆ. ಮಳೆಗಾಲದಲ್ಲಿ ಜಿಗಿತ ಕಡಿಮೆ ಮಾಡಿ, ಬಸ್ಕಿ, ಸರ್ವ್, ಪಾಸಿಂಗ್ ಮಾಡಲಿ. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ.

ಕಾರ್ಯದರ್ಶಿ ಕೆಲಸವನ್ನಂತೂ ಬಿಡಲೇಬಾರದು. ಕದ್ರಾ, ಮಲ್ಲಾಪುರ ಕಡೆಯಿಂದ ಬರುವ ಎಷ್ಟೋ ಹುಡುಗಿಯರು ಸಂಜೆ ಬಸ್ ತಪ್ಪುತ್ತದೆ ಎಂದೇ ಆಟ ಬಿಡುತ್ತಾರೆ. ಅಭ್ಯಾಸವನ್ನು ಬೆಳಿಗ್ಗೆಗೆ ಇಡಿ ಎಂದು ದೈಹಿಕ ಶಿಕ್ಷಣದ ಸರ್ ಹತ್ತಿರ ಕೇಳುವ ಧೈರ್ಯ, ತಾನೂ ಆಡುವವಳಿಗೇ ಬರುವುದು. ಬ್ಯಾನರ್, ವೇದಿಕೆ, ಶಾಮಿಯಾನದ ಓಡಾಟ ಬೇರೆಯವರಿಗೆ ಹಂಚಲಿ.

ನಿಜವಾದ ಇಕ್ಕಟ್ಟು ಬರುವುದು ಮುಂದೆ. ಕರ್ನಾಟಕ ವಿಶ್ವವಿದ್ಯಾಲಯದ ಎರಡೂ ತಂಡಕ್ಕೆ ಆಯ್ಕೆಯಾಗಿ ಶಿಬಿರದ ದಿನಗಳು ಒಂದೇ ಸಲ ಬಿದ್ದರೆ ಆಗ ಆರಿಸಿಕೊಳ್ಳಲಿ. ಆಸ್ಟ್ರೇಲಿಯಾದ ಎಲಿಸ್ ಪೆರಿ ಕ್ರಿಕೆಟ್, ಫುಟ್‌ಬಾಲ್ ಎರಡರಲ್ಲೂ ವಿಶ್ವಕಪ್ ಆಡಿದವರು. 2011ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಗೋಲನ್ನೂ ಹೊಡೆದರು. ಕ್ರಿಕೆಟ್ಟೇ ಸಾಕು ಎಂದು ನಿಂತಿದ್ದು ಆಮೇಲೆ. ನಿಮ್ಮ ತಂಗಿಗೆ ಇನ್ನೂ ಡಿಗ್ರಿಯೇ ಮುಗಿದಿಲ್ಲ.

ಇನ್ನೊಂದು, ಹಾಜರಾತಿ. ಶೇ. 75 ಬೇಕೇ ಬೇಕು. ಟೂರ್ನಿಗೆ ಹೋದ ದಿನಗಳ ಪತ್ರವನ್ನು ಅದೇ ವಾರ ಆಫೀಸಿಗೆ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಲಿ. ಸೆಮಿಸ್ಟರ್ ಕೊನೆಯಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.