ಡೀಸೆಲ್ ಚೆಲ್ಲಿದ ಎರೆ ಮಣ್ಣನ್ನು ಬ್ಯಾಕ್ಟೀರಿಯಾ ಶುದ್ಧ ಮಾಡಬಲ್ಲವೇ?

ಹುಬ್ಬಳ್ಳಿ ಹತ್ತಿರ ಲಾರಿ ನಿಲ್ಲುವ ಜಾಗದಿಂದ ಪಕ್ಕದ ಹೊಲಕ್ಕೆ ಡೀಸೆಲ್ ಹರಿದಿದೆ, ಬ್ಯಾಕ್ಟೀರಿಯಾ ಪುಡಿ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಆದರೆ ನಾನಾದರೆ ಮೊದಲು ಅದಕ್ಕೆ ದುಡ್ಡು ಸುರಿಯುವುದಿಲ್ಲ. ಟೆರಿ ಸಂಶೋಧನಾ ಸಂಸ್ಥೆಯ ಆಯಿಲ್‌ಜ್ಯಾಪರ್‌ನಂಥ, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಿಶ್ರಣಗಳು ರಿಫೈನರಿಯ ಎಣ್ಣೆಗೆಸರಿಗೆ ಸರಿ. ಡೀಸೆಲ್ ತಿನ್ನುವ ಸೂಡೊಮೊನಾಸ್‌ನಂಥ ಜೀವಿಗಳು ಸಾಮಾನ್ಯವಾಗಿ ಮಣ್ಣಲ್ಲೇ ಇರುತ್ತವೆ. ಎಣ್ಣೆಯಿಂದ ಅವಕ್ಕೆ ಇಂಗಾಲ ಬೇಕಾದಷ್ಟು ಸಿಗುತ್ತದೆ. ಕೊರತೆ ಬೀಳುವುದು ಸಾರಜನಕ, ರಂಜಕ, ಆಮ್ಲಜನಕ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕಾದ ದಡಕ್ಕೆ ಬಡಿದಾಗಲೂ ಗೊಬ್ಬರ ಹಾಕಿ ಅಲ್ಲಿನ ಬ್ಯಾಕ್ಟೀರಿಯಾಗಳನ್ನೇ ಬೆಳೆಸಿದ್ದರು.

ನಮ್ಮ ಎರೆ ಮಣ್ಣಿನ ತೊಡಕು ಗಾಳಿಯದು. ಮಳೆ ಬಿದ್ದರೆ ಮೆತ್ತಿಕೊಂಡು ಗಾಳಿ ಒಳಗೆ ಹೋಗದು. ಬೇಸಿಗೆಯಲ್ಲಿ ಬಿರುಕಿನೊಳಗಿಂದ ಎಣ್ಣೆ ಆಳಕ್ಕಿಳಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಆ ಮಣ್ಣನ್ನು ಅಗೆದು, ದಪ್ಪ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ. ಸ್ವಲ್ಪ ಶೇಂಗಾ ಹೊಟ್ಟು, ಕಳಿತ ತಿಪ್ಪೆಗೊಬ್ಬರ, ಯೂರಿಯಾ, ಡಿಎಪಿ ಬೆರೆಸಿ ಆಗಾಗ ತಿರುವಿ ಹಾಕಿ. ಹಸಿ ಇರಲಿ, ಕೆಸರಾಗಬಾರದು. ಇಂಗಾಲ 100 ಪಾಲಿದ್ದರೆ ಸಾರಜನಕ 10, ರಂಜಕ 1 ಎಂಬುದು ರೂಢಿಯ ಲೆಕ್ಕ. (ಯೂರಿಯಾ ಹೆಚ್ಚಾದರೆ ಬ್ಯಾಕ್ಟೀರಿಯಾಗಳಿಗೇ ಪೆಟ್ಟು.) ಡೀಸೆಲ್‌ನ ನೇರ ಸರಪಳಿಯ ಅಣುಗಳು ಬೇಗ ಒಡೆಯುತ್ತವೆ, ಹಲವು ಉಂಗುರಗಳಿರುವವು ತಿಂಗಳುಗಟ್ಟಲೆ ಸತಾಯಿಸುತ್ತವೆ.

ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಆಗಿದ್ದರೆ ಮಾತೇ ಬೇರೆ: ಅದರಲ್ಲಿರಬಹುದಾದ ಸೀಸ, ಸತುವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಹತ್ತಿರ ಬೋರ್‌ವೆಲ್ ಇದ್ದರೆ ಇದೆಲ್ಲಕ್ಕಿಂತ ಮುಂಚೆ ಅದರ ನೀರು ಕುಡಿಯುವುದು ನಿಲ್ಲಿಸಿ, ಪರೀಕ್ಷೆ ಮಾಡಿಸಿ.