ತಕ್ಕಡಿ ಒಂದು ಹೇಳುತ್ತೆ, ಮೆಷರ್ ಇನ್ನೊಂದು ಸುರಿಯುತ್ತೆ: ಯಾವುದನ್ನು ನಂಬೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 9 ಎಂಎಂ ಪಿಸ್ತೂಲಿನಲ್ಲಿ ಹಾರಿಸಿದ ಕೇಸುಗಳನ್ನು (ಮದ್ದು ತುಂಬೋ ಲೋಹದ ಕೋಶಗಳು) ಮನೆಯಲ್ಲೇ ರೀಲೋಡ್ ಮಾಡ್ತಿದ್ದೀರಿ, ಅಂದ್ರೆ ಮತ್ತೆ ಪೌಡರ್ ಹಾಕಿ ಹೊಸ ಗುಂಡು ಕೂರಿಸ್ತಿದ್ದೀರಿ. ಪೌಡರ್ ಮೆಷರನ್ನು, ಅಂದ್ರೆ ಹ್ಯಾಂಡಲ್ ಎಳೆದಾಗಲೆಲ್ಲ ಒಂದು ಅಳತೆ ಪೌಡರ್ ಸುರಿಯೋ ಸಾಧನವನ್ನು, 4.5 ಗ್ರೇನ್‌ಗೆ ಹೊಂದಿಸಿದ್ರೂ ಡಿಜಿಟಲ್ ತಕ್ಕಡಿ ಒಮ್ಮೆ 4.3, ಒಮ್ಮೆ 4.6 ತೋರಿಸುತ್ತೆ. ಪ್ರತಿಯೊಂದನ್ನೂ ತೂಗಲೇಬೇಕಾ, ಅಥವಾ ಮೆಷರ್ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಪರವಾನಗಿಯ ವಿಷಯ ನೀವು ನೋಡಿಕೊಂಡಿದ್ದೀರಿ, ಆ 4.5 ಅನ್ನೋ ಅಂಕಿ ನಿಮ್ಮ ಪೌಡರ್ ತಯಾರಕರ ಪಟ್ಟಿಯಿಂದಲೇ ಬಂದದ್ದು ಅಂದುಕೊಂಡು ಉತ್ತರಿಸ್ತೀನಿ. ಯಾರೋ ಹೇಳಿದ ಅಂಕಿಯಾಗಿದ್ರೆ ಮುಂದೆ ಓದೋ ಮೊದಲು ಪಟ್ಟಿ ತೆಗೆದು ನೋಡಿ.

ಮೆಷರನ್ನು ಬೈಯೋ ಮೊದಲು ತಕ್ಕಡಿಯನ್ನು ಅನುಮಾನಿಸಿ. 7000 ಗ್ರೇನ್ ಸೇರಿದ್ರೆ ಒಂದು ಪೌಂಡ್. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಹಾಗಾಗಿ ನಿಮ್ಮ ಇಡೀ ಪೌಡರ್ ತೂಕ ಮೂರು ಗುಲಗಂಜಿಗೂ ಕಡಿಮೆ. ರೀಲೋಡಿಂಗ್‌ಗೆ ಮಾರೋ ಸಾಮಾನ್ಯ ತಕ್ಕಡಿಗಳು 0.1 ಗ್ರೇನ್ ತೋರಿಸ್ತವೆ, ಆದ್ರೆ ಅವುಗಳ ನಿಖರತೆಯೂ ಹೆಚ್ಚುಕಡಿಮೆ ಅಷ್ಟೇ: 0.1 ಆಚೆ, 0.1 ಈಚೆ. ಒಂದೇ ಪೌಡರನ್ನು ಮುಟ್ಟದೆ ಎರಡು ಸಲ ತೂಗಿದ್ರೂ 4.4, 4.6 ಅಂತ ಬರಬಹುದು. ರೈಫಲ್‌ನವರು 45 ಗ್ರೇನ್ ಸುರಿಯುವಾಗ ಇದು ಲೆಕ್ಕಕ್ಕೇ ಬರಲ್ಲ. ನಮ್ಮ 4.5ರಲ್ಲಿ 0.1 ಅಂದ್ರೆ ಶೇ. 2ಕ್ಕೂ ಜಾಸ್ತಿ.

ತಕ್ಕಡಿ ಜೊತೆ ಬರೋ ಕ್ಯಾಲಿಬ್ರೇಶನ್ ತೂಕ ಸಾಮಾನ್ಯವಾಗಿ 20 ಅಥವಾ 50 ಗ್ರಾಂನದು. ಅಲ್ಲಿ ಸರಿ ತೋರಿಸಿದ್ರೆ ಮೂರನೇ ಒಂದು ಗ್ರಾಂನಲ್ಲೂ ಸರಿ ಅಂತ ಅರ್ಥ ಅಲ್ಲ. ಮಿಲಿಗ್ರಾಂ ತೂಕಗಳ ಒಂದು ಸಣ್ಣ ಸೆಟ್ ತಗೊಳ್ಳಿ. ತೆಳು ತಗಡಿನ ಚೂರುಗಳು, ಒಂದು ಮೂಲೆ ಮಡಚಿರುತ್ತೆ, ಚಿಮಟದಲ್ಲೇ ಹಿಡೀಬೇಕು; ಬೆರಳಿನ ಬೆವರು ಅಂಟಿದ್ರೆ ಅವುಗಳ ತೂಕವೇ ಕೆಡುತ್ತೆ. 200 ಮತ್ತು 100 ಮಿಲಿಗ್ರಾಂ ಸೇರಿಸಿ ಇಟ್ಟರೆ 4.63 ಗ್ರೇನ್, ತಕ್ಕಡಿ 4.6 ಅನ್ನಬೇಕು. ನಾನು ಕೂತಾಗ ಒಮ್ಮೆ, ಮತ್ತೆ ಪ್ರತಿ 50 ಕೇಸಿಗೊಮ್ಮೆ ಇದನ್ನು ಮಾಡ್ತೀನಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಪಾತ್ರೆ ಇಟ್ಟು ಸೊನ್ನೆ ಮಾಡಿದ ಮೇಲೆ ಪಾತ್ರೆ ಎತ್ತಿದ್ರೆ ಮೈನಸ್ ಅಂಕಿ ಬರುತ್ತಲ್ಲ, ಅದನ್ನು ಒಂದು ಚೀಟಿಯಲ್ಲಿ ಬರೆದು ತಕ್ಕಡಿಗೇ ಅಂಟಿಸಿ. ಪ್ರತಿ ಸಲ ಎತ್ತಿದಾಗಲೂ ಅದೇ ಬರಬೇಕು. ಬೇರೆ ಬಂದ್ರೆ ಸೊನ್ನೆ ಜಾರಿದೆ ಅಂತ ತಿಳ್ಕೊಳ್ಳಿ. ನನ್ನ ತಕ್ಕಡಿ ಒಂದು ವಾರ ಪೂರ್ತಿ ಹೀಗೆ ಜಾರ್ತಾ ಇತ್ತು, ಬ್ಯಾಟರಿ ಬದಲಾಯಿಸಿದೆ, ಟೇಬಲ್ ಬದಲಾಯಿಸಿದೆ. ಕಡೆಗೆ ನೋಡಿದ್ರೆ ತಲೆ ಮೇಲೆ ಫ್ಯಾನ್ ತಿರುಗ್ತಿತ್ತು! ಗಾಳಿ, ಅಲುಗಾಡೋ ಟೇಬಲ್, ಪಕ್ಕದಲ್ಲೇ ಇಟ್ಟ ಮೊಬೈಲ್, ಆನ್ ಮಾಡಿದ ಕೂಡಲೇ ತೂಗೋದು, ಇವೆಲ್ಲ ಕಾಟ ಕೊಡ್ತವೆ. ಅರ್ಧ ಗಂಟೆ ಆನ್ ಮಾಡಿಟ್ಟು ಆಮೇಲೆ ಶುರು ಮಾಡಿ. ಪೌಡರನ್ನು ಕಾಳುಕಾಳಾಗಿ ಉದುರಿಸುವಾಗ ಮಾತ್ರ ಒಂದು ಎಚ್ಚರ: ಕೆಲವು ಡಿಜಿಟಲ್ ತಕ್ಕಡಿಗಳು ನಿಧಾನವಾಗಿ ಏರೋ ತೂಕವನ್ನು ಸೊನ್ನೆಯ ಜಾರಾಟ ಅಂತ ಭಾವಿಸಿ ನುಂಗಿಬಿಡ್ತವೆ. ಪಾತ್ರೆ ಎತ್ತಿ ಮತ್ತೆ ಇಟ್ಟು ಓದಿ.

ತಕ್ಕಡಿ ಪಾಸಾದ್ರೆ ಈಗ ಮೆಷರಿಗೆ ಬನ್ನಿ. ಅದು ತೂಕ ಅಳೆಯಲ್ಲ, ಗಾತ್ರ ಅಳೆಯುತ್ತೆ. ಸೇರಿನಲ್ಲಿ ಅಕ್ಕಿ ಅಳೆದ ಹಾಗೆ. ಕುಲುಕಿದ್ರೆ ಜಾಸ್ತಿ ಹಿಡಿಯುತ್ತೆ, ಹಾಗೇ ಸುರಿದ್ರೆ ಕಡಿಮೆ. ಸಣ್ಣ ಗುಂಡುಕಾಳಿನ ಪೌಡರ್ ನೀರಿನ ಹಾಗೆ ಇಳಿಯುತ್ತೆ. ಚಕ್ಕೆ ಚಕ್ಕೆಯಾಗಿರೋದು ಒಂದರ ಮೇಲೊಂದು ಅಡ್ಡಡ್ಡ ಕೂತು ಏರುಪೇರು ಮಾಡುತ್ತೆ. ನಿಮ್ಮದು ದೊಡ್ಡ ಚಕ್ಕೆಯ ಪೌಡರ್ ಆಗಿದ್ರೆ ಯಾವ ಮೆಷರ್ ತಂದ್ರೂ ಗುಂಡುಕಾಳಿನಷ್ಟು ಒಂದೇ ಸಮ ಬರಲ್ಲ. ಉಳಿದದ್ದು ಕೈಯಲ್ಲಿದೆ. ಹ್ಯಾಂಡಲ್ ಎತ್ತುವಾಗ ಎಷ್ಟು ಜೋರೋ ಇಳಿಸುವಾಗಲೂ ಅಷ್ಟೇ ಜೋರು, ಎರಡೂ ತುದಿಯಲ್ಲಿ ಒಂದು ಕ್ಷಣ ನಿಲ್ಲೋದು, ಪ್ರತಿ ಸಲವೂ ಅದೇ ಲಯ. ಹಾಪರಿನಲ್ಲಿ (ಮೆಷರಿನ ಮೇಲೆ ಪೌಡರ್ ತುಂಬಿಡೋ ಡಬ್ಬ) ಪೌಡರ್ ಅರ್ಧಕ್ಕಿಂತ ಕೆಳಗಿಳಿಯೋಕೆ ಬಿಡಬೇಡಿ, ಒಳಗೆ ಮೇಲಿನ ಪೌಡರಿನ ಭಾರ ತಡೆಯೋ ಬ್ಯಾಫಲ್ ತಟ್ಟೆ ಇಲ್ಲದಿದ್ರೆ ಹಾಕಿ. ಮೊದಲ ಹತ್ತು ಹದಿನೈದು ಸಲ ಬಿದ್ದದ್ದನ್ನು ಹಾಪರಿಗೇ ವಾಪಸ್ ಸುರಿಯಿರಿ. ಅಷ್ಟರಲ್ಲಿ ಪೌಡರ್ ಕೂತ್ಕೊಳ್ಳುತ್ತೆ. ಹಾಪರಿನ ಪ್ಲಾಸ್ಟಿಕ್ ಗೋಡೆಗೆ ಪೌಡರ್ ಅಂಟಿ ನಿಂತಿದ್ರೆ ಅದು ಸ್ಥಾಯೀ ವಿದ್ಯುತ್ತಿನ ಕೆಲಸ, ಆಂಟಿ ಸ್ಟಾಟಿಕ್ ಬಟ್ಟೆಯಿಂದ ಒರೆಸಿ.

ಆಮೇಲೆ ಹತ್ತು ಸಲ ಹಾಕಿ, ಹತ್ತನ್ನೂ ಬೇರೆ ಬೇರೆಯಾಗಿ ತೂಗಿ ಬರೆದುಕೊಳ್ಳಿ. ಹತ್ತನ್ನೂ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ಅಂತ ಹಲವರು ಹೇಳ್ತಾರೆ. ಅದು ಸರಾಸರಿ ಸರಿಯಿದೆಯಾ ಅಂತ ನೋಡೋಕೆ ಒಳ್ಳೇದು, ತಕ್ಕಡಿಯ 0.1ರ ಮಿತಿಯನ್ನೂ ದಾಟುತ್ತೆ. ಆದ್ರೆ 4.1 ಮತ್ತು 4.9 ಪಕ್ಕಪಕ್ಕ ಬಿದ್ದಿದ್ರೂ ಸರಾಸರಿ 4.5 ಅಂತಲೇ ನಗುತ್ತೆ. ಎರಡನ್ನೂ ಮಾಡಿ. ಪಟ್ಟಿಯ ಗರಿಷ್ಠದಿಂದ ಸಾಕಷ್ಟು ಕೆಳಗಿದ್ದು, ಹತ್ತೂ 0.1 ಆಚೀಚೆ ಒಳಗಿದ್ರೆ ಪ್ರತಿಯೊಂದನ್ನೂ ತೂಗೋ ಅಗತ್ಯ ಇಲ್ಲ; ಪ್ರತಿ ಹತ್ತನೆಯದನ್ನು ತೂಗಿ ಸಾಕು. ಗರಿಷ್ಠದ ಹತ್ತಿರ ಇದ್ದರೆ ಕೆಳಗಿಳಿಸಿ. 9 ಎಂಎಂ ಕೇಸ್ ಚಿಕ್ಕದು, ಗುಂಡು ಸ್ವಲ್ಪ ಆಳಕ್ಕೆ ಕೂತರೂ ಒತ್ತಡ ಜಿಗಿಯುತ್ತೆ, ಹಾಗಾಗಿ ಗುಂಡು ಕೂತ ಮೇಲಿನ ಒಟ್ಟು ಉದ್ದವನ್ನೂ ಕ್ಯಾಲಿಪರ್‌ನಲ್ಲಿ ಅಳೆಯಿರಿ.

ಇನ್ನು ನೀವು ಕೇಳದೇ ಇರೋ ಒಂದು ಮಾತು. ಪಿಸ್ತೂಲ್ ಒಡೆಯೋದು 0.2 ಗ್ರೇನ್ ಹೆಚ್ಚಾಗಿದ್ದಕ್ಕಿಂತ ಒಂದೇ ಕೇಸಿಗೆ ಎರಡು ಸಲ ಪೌಡರ್ ಬಿದ್ದದ್ದರಿಂದ. ರಿವಾಲ್ವರಿಗೆ ಬಳಸೋ .38 ಸ್ಪೆಷಲ್‌ನಲ್ಲಂತೂ ಇದು ತೀರಾ ಸುಲಭ: ಆ ಕೇಸ್ ಹೆಚ್ಚು ಜಾಗ ಬೇಕಿದ್ದ ಕಪ್ಪು ಮದ್ದಿನ ಕಾಲದ್ದು, ಈಗಿನ ಪೌಡರ್ ಅದರ ತಳದಲ್ಲೆಲ್ಲೋ ಕೂತಿರುತ್ತೆ, ಎರಡು ಪಟ್ಟು ಹಾಕಿದ್ರೂ ಜಾಗ ಉಳಿಯುತ್ತೆ. ನನಗೂ ಆಗಿದೆ. ಮಧ್ಯದಲ್ಲಿ ಫೋನ್ ಬಂತು, ಎರಡು ನಿಮಿಷ ಮಾತಾಡಿ ವಾಪಸ್ ಬಂದು ಅದೇ ಕೇಸಿಗೆ ಮತ್ತೆ ಹ್ಯಾಂಡಲ್ ಎಳೆದೆ. 50 ಗುಳಿಯ ಬ್ಲಾಕಿನಲ್ಲಿ ಎಲ್ಲ ನಿಲ್ಲಿಸಿ ಟಾರ್ಚ್ ಹಾಕಿದಾಗ ಒಂದು ಕೇಸಿನಲ್ಲಿ ಮಾತ್ರ ಪೌಡರ್ ಬಾಯಿಯ ಹತ್ತಿರ ಬಂದಿತ್ತು. ಟಾರ್ಚ್ ಹಾಕದಿದ್ರೆ ಅದರ ಮೇಲೆ ಗುಂಡು ಕೂರಿಸಿಯೂ ಬಿಡ್ತಿದ್ದೆ. ಅವತ್ತಿನಿಂದ ಫೋನ್ ಬೇರೆ ರೂಮಿನಲ್ಲಿ, ಗುಂಡು ಕೂರಿಸೋ ಮೊದಲು ಪ್ರತಿ ಕೇಸಿಗೂ ಬೆಳಕು. ಕೆಲಸ ನಡುವೆ ನಿಂತರೆ ಆ ಕೇಸನ್ನು ಹಾಪರಿಗೆ ಖಾಲಿ ಮಾಡಿ ಮತ್ತೆ ತುಂಬ್ತೀನಿ.

ಪೌಡರ್ ಬೀಳದ ಖಾಲಿ ಕೇಸೂ ಅಷ್ಟೇ ಅಪಾಯ: ತಳದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್ ತಾನೊಂದೇ ಗುಂಡನ್ನು ಬ್ಯಾರೆಲ್ ಒಳಗೆ ನೂಕಿ ಸಿಕ್ಕಿಸಿಬಿಡುತ್ತೆ. ಹಾರಿಸುವಾಗ ಸದ್ದು ಪುಸ್ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಪಿಸ್ತೂಲ್ ಖಾಲಿ ಮಾಡಿ, ಬ್ಯಾರೆಲ್ ನೋಡದೆ ಮುಂದಿನದನ್ನು ಹಾರಿಸಬೇಡಿ.

ಟೇಬಲ್ ಮೇಲೆ ಯಾವಾಗಲೂ ಒಂದೇ ಡಬ್ಬಿ ಪೌಡರ್ ಇರಲಿ, ಎದ್ದಾಗ ಹಾಪರ್ ಖಾಲಿ ಮಾಡಿ ಅದೇ ಡಬ್ಬಿಗೆ ಸುರಿಯಿರಿ. ಮಾರನೇ ದಿನ ಹಾಪರಿನಲ್ಲಿ ಯಾವುದಿತ್ತು ಅಂತ ನೆನಪಾಗದಿದ್ರೆ ಅದನ್ನು ಬಳಸೋ ಹಾಗೇ ಇಲ್ಲ.

ಮೆಷರ್ ಸದ್ಯಕ್ಕೆ ಬದಲಾಯಿಸಬೇಡಿ. ಮೊದಲು ಆ ಹತ್ತು ಅಂಕಿಗಳನ್ನು ಇಲ್ಲಿ ಬರೆಯಿರಿ, ಪೌಡರ್ ಗುಂಡುಕಾಳೋ ಚಕ್ಕೆಯೋ ಅದನ್ನೂ ಹೇಳಿ. ನೋಡಿ ಹೇಳ್ತೀನಿ.